ಪೆಂಟೆಸ್ಟ್ ಮಾಡ್ಲಿಕ್ಕೆ ಸರಿಯಾದ ಜನ ಹಿಡಿಯುದು ಹೇಗೆ: ಮಂಗಳೂರು, ಉಡುಪಿ ಕಡೆಯವರಿಗೆ

"ನಮ್ಮ ಸಾಫ್ಟ್‌ವೇರ್ ಸೇಫ್ ಉಂಟಾ ಅಂತ ನೋಡ್ಲಿಕ್ಕೆ ಯಾರಾದ್ರೂ ಜನ ಗೊತ್ತುಂಟಾ, ಎಷ್ಟು ತಕೊಳ್ತಾರೆ?" ಇದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಉಂಟು, ಪ್ರತಿಯೊಬ್ಬರಿಗೂ ವಾಟ್ಸಾಪಲ್ಲಿ ಉದ್ದುದ್ದ ಬರೆಯುದಕ್ಕಿಂತ ಒಮ್ಮೆ ಸರಿಯಾಗಿ ಬರ್ದು ಇಡುವ ಅಂತ ಕೂತೆ. ಕೇಳುವವರು ಯಾರಂದ್ರೆ ಕಂಕನಾಡಿ ಕಡೆ ಡಯಾಗ್ನೋಸ್ಟಿಕ್ ಲ್ಯಾಬ್ ಇಟ್ಟವರು, ಬೈಕಂಪಾಡಿಯ ಗೇರುಬೀಜದ ಫ್ಯಾಕ್ಟರಿಯವರು, ಮಲ್ಪೆಯಿಂದ ಮೀನು ಎಕ್ಸ್‌ಪೋರ್ಟ್ ಮಾಡುವವರು, ಉಡುಪಿಯಲ್ಲಿ ಲಾಡ್ಜ್ ಇರುವವರು, ಕಾಲೇಜಿನ ಆಫೀಸಿನವರು, ಮತ್ತೆ ಕ್ರೆಡಿಟ್ ಸೊಸೈಟಿಯ ಸೆಕ್ರೆಟರಿಗಳು. ಎಲ್ಲರೂ ಮೊದಲು ಕೇಳುದು ರೇಟು. ಆದ್ರೆ ಎಂತ ಟೆಸ್ಟ್ ಮಾಡ್ಬೇಕು, ಅದಕ್ಕೆ ಪರ್ಮಿಶನ್ ಕೊಡ್ಬೇಕಾದವರು ಯಾರು, ರಿಪೋರ್ಟ್ ಬಂದ ಮೇಲೆ ಸರಿ ಮಾಡುದು ಯಾರು, ಈ ಮೂರಕ್ಕೆ ನಿಮ್ಮಲ್ಲಿ ಉತ್ತರ ಇಲ್ಲದಿದ್ರೆ ಎಷ್ಟು ಕಮ್ಮಿ ರೇಟಿಗೆ ಸಿಕ್ಕಿದ್ರೂ ಅದು ದಂಡ.

ಪೆಂಟೆಸ್ಟ್ ಅಂದ್ರೆ ಪೆನೆಟ್ರೇಶನ್ ಟೆಸ್ಟಿಂಗ್. ನೀವೇ ಬರವಣಿಗೆಯಲ್ಲಿ ಒಪ್ಪಿಗೆ ಕೊಟ್ಟು, ಗೊತ್ತಿರುವ ಒಬ್ಬರ ಕೈಯಿಂದ ನಿಮ್ಮ ಸಿಸ್ಟಮ್ ಒಳಗೆ ಹೊಕ್ಲಿಕ್ಕೆ ಪ್ರಯತ್ನ ಮಾಡಿಸುದು, ಎಲ್ಲೆಲ್ಲಿ ಹೊಕ್ಲಿಕ್ಕೆ ಆಯ್ತು, ಹೇಗೆ ಆಯ್ತು, ಅದನ್ನು ಮುಚ್ಚುದು ಹೇಗೆ ಅಂತ ರಿಪೋರ್ಟ್ ತಕೊಳ್ಳುದು. ಅಷ್ಟೇ. ಫೈರ್‌ವಾಲ್ ಹಾಕುದು, ಆ್ಯಂಟಿವೈರಸ್ ಹಾಕುದು, ಹ್ಯಾಕ್ ಆದ ಫೇಸ್‌ಬುಕ್ ಅಕೌಂಟ್ ವಾಪಸ್ ತರುದು ಇದ್ಯಾವುದೂ ಪೆಂಟೆಸ್ಟ್ ಅಲ್ಲ.

1. ನಿಮ್ಮ ಹತ್ತಿರ ಎಂತೆಲ್ಲ ಉಂಟು ಅಂತ ಪಟ್ಟಿ ಮಾಡಿ

ಒಂದು ಎಕ್ಸೆಲ್ ಶೀಟ್ ಸಾಕು. ವೆಬ್‌ಸೈಟ್, ಮೊಬೈಲ್ ಆ್ಯಪ್, ಬಿಲ್ಲಿಂಗ್ ಸಾಫ್ಟ್‌ವೇರ್, ಟ್ಯಾಲಿ ಇರುವ ಕಂಪ್ಯೂಟರ್, ಆಫೀಸಿನ ವೈಫೈ, ಸಿಸಿಟಿವಿಯ ಡಿವಿಆರ್, ಮನೆಯಿಂದ ಕೆಲಸ ಮಾಡ್ಲಿಕ್ಕೆ ಹಾಕಿದ ಎನಿಡೆಸ್ಕ್, ಎಲ್ಲ ಬರೀರಿ. ಪ್ರತಿಯೊಂದರ ಎದುರು ನಾಕು ಕಾಲಮ್: ಅದು ಯಾರ ಹೆಸರಲ್ಲಿ ಉಂಟು, ಎಲ್ಲಿ ಹೋಸ್ಟ್ ಆಗಿದೆ, ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ, ಅದರಲ್ಲಿ ಗ್ರಾಹಕರ ಮಾಹಿತಿ ಉಂಟಾ ಇಲ್ವಾ.

ಇಲ್ಲಿಯೇ ಅರ್ಧ ಜನ ನಿಲ್ತಾರೆ. ಡೊಮೇನ್, ಅಂದ್ರೆ ವೆಬ್‌ಸೈಟಿನ ವಿಳಾಸದ ಹೆಸರು, ನೋಡಿದ್ರೆ ವೆಬ್‌ಸೈಟ್ ಮಾಡಿ ಕೊಟ್ಟ ಹುಡುಗನ ಹೆಸರಲ್ಲಿ ಇರ್ತದೆ, ಅವ ಈಗ ದುಬೈಯಲ್ಲಿ, ರಿನ್ಯೂ ಆಗುದು ಅವನ ಇಮೇಲಿಗೆ. ಹೀಗೆ ಇದ್ರೆ ಪೆಂಟೆಸ್ಟ್ ಆಮೇಲೆ, ಮೊದಲು ಡೊಮೇನ್, ಹೋಸ್ಟಿಂಗ್ ಎರಡನ್ನೂ ಸಂಸ್ಥೆಯ ಹೆಸರಿಗೆ ಮಾಡಿಸ್ಕೊಳ್ಳಿ. ನಿಮ್ಮದಲ್ಲದ ವಸ್ತುವನ್ನು ಟೆಸ್ಟ್ ಮಾಡಿ ಅಂತ ಹೇಳುವ ಅಧಿಕಾರ ನಿಮಗೆ ಇಲ್ಲ, ಇದು ಮುಂದೆ ಮತ್ತೆ ಬರ್ತದೆ.

2. ಬಿಟ್ಟಿಯಲ್ಲಿ ಆಗುವ ಕೆಲಸ ಮೊದಲು ಮುಗಿಸಿ

ಡಿವಿಆರ್‌ನ ಪಾಸ್‌ವರ್ಡ್ ಕಂಪೆನಿಯಿಂದ ಬಂದದ್ದೇ ಇದೆ ಅಂತ ಕಂಡುಹಿಡಿಲಿಕ್ಕೆ ಒಬ್ಬ ಸ್ಪೆಷಲಿಸ್ಟಿಗೆ ದಿನದ ಲೆಕ್ಕದಲ್ಲಿ ದುಡ್ಡು ಕೊಡುದು ಯಾವ ಬುದ್ಧಿವಂತಿಕೆ ಮಾರಾಯ್ರೆ. ಅವ ಅದನ್ನೇ ರಿಪೋರ್ಟಿನಲ್ಲಿ ಕೆಂಪು ಬಣ್ಣದಲ್ಲಿ ಬರೀತಾನೆ, ಬಿಲ್ಲೂ ಕೊಡ್ತಾನೆ, ತಪ್ಪು ಅವನದ್ದಲ್ಲ. ಹಾಗಾಗಿ ಎಲ್ಲ ಕಡೆ ಡೀಫಾಲ್ಟ್ ಪಾಸ್‌ವರ್ಡ್ ತೆಗೀರಿ, ಇಮೇಲಿಗೂ ಅಡ್ಮಿನ್ ಲಾಗಿನ್‌ಗೂ ಎರಡು ಹಂತದ ವೆರಿಫಿಕೇಶನ್ ಹಾಕಿ, ಕೆಲಸ ಬಿಟ್ಟು ಹೋದವರ ಲಾಗಿನ್ ತೆಗೀರಿ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತದ್ದು 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗ್ದಿದೆ, ಕೌಂಟರಿನಲ್ಲಿ ಇನ್ನೂ ಅದೇ ಓಡ್ತಾ ಇದ್ರೆ ಪಟ್ಟಿಯಲ್ಲಿ ಗುರುತು ಹಾಕಿ. ದೂರದಿಂದ ಕಂಪ್ಯೂಟರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್, ಅಂದ್ರೆ ಅದರ ಬಾಗಿಲು, ನೇರ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ರೆ ಇವತ್ತೇ ಮುಚ್ಚಿಸಿ, ರ‍್ಯಾನ್ಸಮ್‌ವೇರ್, ಅಂದ್ರೆ ಫೈಲ್ ಎಲ್ಲ ಲಾಕ್ ಮಾಡಿ ಹಣ ಕೇಳುವವರು, ಒಳಗೆ ಬರುವ ಮಾಮೂಲಿ ದಾರಿ ಅದು.

ಬ್ಯಾಕಪ್ ಉಂಟು ಅಂತ ಎಲ್ಲರೂ ಹೇಳ್ತಾರೆ. ಆ ಬ್ಯಾಕಪ್‌ನಿಂದ ಒಮ್ಮೆ ವಾಪಸ್ ತಂದು ನೋಡಿದ್ದೀರಾ? ಅದನ್ನು ಈ ಹಂತದಲ್ಲೇ ಮಾಡಿ, ಟೆಸ್ಟಿನ ದಿನ ಬೇಕಾಗ್ತದೆ.

3. ಯಾವ ನಮೂನೆಯ ಟೆಸ್ಟ್ ಬೇಕು ಅಂತ ತೀರ್ಮಾನ ಮಾಡಿ

ಕೊಟೇಶನ್‌ಗಳಲ್ಲಿ ವಿಎಪಿಟಿ ಅಂತ ಬರೆದಿರ್ತಾರೆ. ಅದು ಎರಡು ಬೇರೆ ಬೇರೆ ಕೆಲಸ. ವಿಎ ಅಂದ್ರೆ ವಲ್ನರಬಿಲಿಟಿ ಅಸೆಸ್‌ಮೆಂಟ್, ನೆಸ್ಸಸ್ ಅಥವಾ ಓಪನ್‌ವಾಸ್‌ನಂಥ ಸ್ಕ್ಯಾನರ್ ಓಡಿಸಿ ಗೊತ್ತಿರುವ ದೋಷಗಳ ಪಟ್ಟಿ ತೆಗೆಯುದು. ಪಿಟಿ ಅಂದ್ರೆ ಪೆಂಟೆಸ್ಟ್, ಮನುಷ್ಯ ಕೂತು ತಲೆ ಓಡಿಸಿ ಮಾಡುವಂಥದ್ದು. ಬಹಳ ಕಡೆ ವಿಎ ಮಾತ್ರ ಮಾಡಿ ಎರಡರ ದುಡ್ಡು ತಕೊಳ್ತಾರೆ.

ವ್ಯತ್ಯಾಸ ಎಂತದ್ದು ಅಂತ ಒಂದು ಉದಾಹರಣೆ ನೋಡಿ. ಲ್ಯಾಬಿನವರು ರಕ್ತ ಪರೀಕ್ಷೆಯ ರಿಪೋರ್ಟನ್ನು ಎಸ್ಎಂಎಸ್ ಲಿಂಕಲ್ಲಿ ಕಳಿಸ್ತಾರೆ, ಲಿಂಕಿನ ಕೊನೆಗೆ 45210 ಅಂತ ನಂಬರ್ ಇರ್ತದೆ. ಅದನ್ನು 45211 ಅಂತ ಮಾಡಿ ಎಂಟರ್ ಒತ್ತಿದ್ರೆ ಪಕ್ಕದ ಮನೆಯವರ ಶುಗರ್ ರಿಪೋರ್ಟ್ ಹೆಸರು, ಪ್ರಾಯ, ಫೋನ್ ನಂಬರ್ ಸಮೇತ ಓಪನ್ ಆಗ್ತದೆ. ಸ್ಕ್ಯಾನರಿಗೆ ಇದು ಸಾಮಾನ್ಯವಾಗಿ ತಪ್ಪು ಅಂತ ಗೊತ್ತೇ ಆಗುದಿಲ್ಲ, ಯಾಕಂದ್ರೆ ಸರ್ವರ್ 200 ಅಂತ, ಎಲ್ಲ ಸರಿ ಉಂಟು ಅಂತಲೇ ಉತ್ತರ ಕೊಟ್ಟಿದೆ, ಆ ರಿಪೋರ್ಟ್ ಯಾರದ್ದು, ಯಾರು ನೋಡ್ಬಾರ್ದು ಅಂತ ಸ್ಕ್ಯಾನರಿಗೆ ಹೇಗೆ ಗೊತ್ತಾಗ್ಬೇಕು. ಮನುಷ್ಯನಿಗೆ ಗೊತ್ತಾಗ್ತದೆ. ಈ ಜಾತಿಯ ದೋಷಕ್ಕೆ ಬ್ರೋಕನ್ ಆ್ಯಕ್ಸೆಸ್ ಕಂಟ್ರೋಲ್ ಅಂತಾರೆ, ಓವಾಸ್ಪ್ ಅಂತ ಒಂದು ಸಂಸ್ಥೆ ವೆಬ್ ಆ್ಯಪ್‌ಗಳ ಹತ್ತು ದೊಡ್ಡ ಅಪಾಯಗಳ ಪಟ್ಟಿ ಮಾಡ್ತದೆ, ಅವರ 2021ರ ಪಟ್ಟಿಯಲ್ಲಿ ಒಂದನೇ ಸ್ಥಾನ ಇದಕ್ಕೇ. ಲಾಡ್ಜ್ ಬುಕಿಂಗ್ ಸೈಟಿನಲ್ಲೂ ಇದೇ ಕತೆ, ಪೇಮೆಂಟಿಗೆ ಹೋಗುವಾಗ 1500 ರೂಪಾಯಿಯನ್ನು ದಾರಿಯಲ್ಲಿ 1 ರೂಪಾಯಿ ಮಾಡಿದ್ರೆ ರೂಮ್ ಬುಕ್ ಆಗ್ತದಾ ಅಂತ ನೋಡುದು ಮನುಷ್ಯನ ಕೆಲಸ.

ಮತ್ತೆ ಬ್ಲಾಕ್ ಬಾಕ್ಸ್, ಗ್ರೇ ಬಾಕ್ಸ್, ವೈಟ್ ಬಾಕ್ಸ್ ಅಂತ ಕೇಳ್ತಾರೆ. ಟೆಸ್ಟರ್‌ಗೆ ಎಂತದೂ ಹೇಳದೆ ಬಿಟ್ರೆ ಬ್ಲಾಕ್, ಒಂದೆರಡು ಸಾದಾ ಲಾಗಿನ್ ಕೊಟ್ರೆ ಗ್ರೇ, ಕೋಡ್ ಸಮೇತ ಕೊಟ್ರೆ ವೈಟ್. "ನಿಜವಾದ ಹ್ಯಾಕರಿಗೆ ಲಾಗಿನ್ ಕೊಡ್ತೇವಾ, ಬ್ಲಾಕೇ ಮಾಡಿ" ಅಂತ ಹಟ ಹಿಡಿಯುವವರು ಸುಮಾರು ಜನ. ನನ್ನ ಮಾತು ಕೇಳುದಾದ್ರೆ ಸಣ್ಣ ಸಂಸ್ಥೆಗೆ ಗ್ರೇ ಬಾಕ್ಸ್ ಸಾಕು. ಬ್ಲಾಕ್ ಅಂದ್ರೆ ಮೊದಲ ಎರಡು ದಿನ ಅವ ಲಾಗಿನ್ ಪೇಜಿನ ಹೊರಗೇ ಸುತ್ತು ಹೊಡೀತಾನೆ, ಆ ದಿನದ ಮಜೂರಿ ನೀವೇ ಕೊಡ್ಬೇಕು. ಗ್ರೇ ಬಾಕ್ಸಿನಲ್ಲಿ ಒಂದೇ ದರ್ಜೆಯ ಎರಡು ಲಾಗಿನ್ ಕೊಡಿ, ಇಬ್ಬರು ಪೇಶೆಂಟ್ ಅಥವಾ ಇಬ್ಬರು ಸ್ಟೂಡೆಂಟ್, ಆಗ ಒಬ್ಬನದ್ದು ಇನ್ನೊಬ್ಬನಿಗೆ ಕಾಣ್ತದಾ ಅಂತ ಸರಿಯಾಗಿ ಗೊತ್ತಾಗುದು.

4. ಕಾನೂನು ಕಟ್ಟುಪಾಡು ನಿಮಗೆ ಬರ್ತದಾ ನೋಡಿ

ಅರ್ಬನ್ ಕೋಆಪರೇಟಿವ್ ಬ್ಯಾಂಕುಗಳಿಗೆ ಆರ್‌ಬಿಐ 2018ರಲ್ಲಿ ಒಂದು, 2019ರ ಡಿಸೆಂಬರಿನಲ್ಲಿ ನಾಲ್ಕು ಹಂತ ಮಾಡಿ ಇನ್ನೊಂದು ಸೈಬರ್ ಸೆಕ್ಯೂರಿಟಿ ಸುತ್ತೋಲೆ ಕೊಟ್ಟಿದೆ, ನೀವು ಯಾವ ಹಂತಕ್ಕೆ ಬರ್ತೀರಿ ಅನ್ನುದರ ಮೇಲೆ ಎಂತೆಲ್ಲ ಮಾಡಿಸ್ಬೇಕು ಅನ್ನುದು ನಿರ್ಧಾರ ಆಗ್ತದೆ. ಕ್ರೆಡಿಟ್ ಸೊಸೈಟಿ, ಸೌಹಾರ್ದ ಸಹಕಾರಿಗಳು ಆರ್‌ಬಿಐ ಕೆಳಗೆ ಬರುದಿಲ್ಲ, ಹಾಗಂತ ಡೇಟಾ ಕಾನೂನು ಬಿಡುದಿಲ್ಲ. 2023ರ ಡಿಪಿಡಿಪಿ ಕಾಯ್ದೆ, ಅಂದ್ರೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಗೆ ಬರುವಂಥದ್ದು, ಸರಿಯಾದ ಭದ್ರತೆ ಇಡದೆ ಮಾಹಿತಿ ಸೋರಿದ್ರೆ 250 ಕೋಟಿವರೆಗೆ ದಂಡ ಹಾಕ್ಲಿಕ್ಕೆ ಅದರಲ್ಲಿ ಅವಕಾಶ ಉಂಟು. ಕಾರ್ಡ್ ನಂಬರನ್ನು ನಿಮ್ಮ ಸರ್ವರಿನಲ್ಲೇ ಇಡುವವರಾದ್ರೆ (ಇಡಬೇಡಿ, ಯಾಕೆ ಬೇಕು ಆ ರಗಳೆ) ಪಿಸಿಐ ಡಿಎಸ್ಎಸ್ ಅನ್ನುವ ಕಾರ್ಡ್ ಕಂಪೆನಿಗಳ ನಿಯಮದ ಪ್ರಕಾರ ವರ್ಷಕ್ಕೊಮ್ಮೆಯಾದ್ರೂ ಪೆಂಟೆಸ್ಟ್ ಆಗ್ಬೇಕು.

ಆರ್‌ಬಿಐ, ಸರಕಾರಿ ಇಲಾಖೆ ಅಥವಾ ನಿಮ್ಮ ದೊಡ್ಡ ಗ್ರಾಹಕರು ಸರ್ಟಿಫಿಕೇಟ್ ಕೇಳಿದ್ರೆ ಹೆಚ್ಚಾಗಿ ಕೇಳುದು "ಸರ್ಟ್-ಇನ್ ಎಂಪ್ಯಾನೆಲ್ಡ್" ಸಂಸ್ಥೆಯಿಂದ. ಸರ್ಟ್-ಇನ್ ಅಂದ್ರೆ ಕೇಂದ್ರದ ಐಟಿ ಸಚಿವಾಲಯದ ಕೆಳಗೆ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಸಂಸ್ಥೆ, ಅವರು ಒಪ್ಪಿದ ಆಡಿಟರ್ ಕಂಪೆನಿಗಳ ಪಟ್ಟಿ ಅವರ ವೆಬ್‌ಸೈಟಲ್ಲೇ ಉಂಟು, ಒಂದೊಂದು ಕಂಪೆನಿಯಲ್ಲಿ ಎಷ್ಟು ಟೆಕ್ನಿಕಲ್ ಜನ ಇದ್ದಾರೆ, ಹಿಂದೆ ಎಂತೆಂಥ ಆಡಿಟ್ ಮಾಡಿದ್ದಾರೆ ಅಂತೆಲ್ಲ ವಿವರ ಸಮೇತ. ನೀವೇ ತೆರೆದು ನೋಡಿ. ಪಟ್ಟಿಯಲ್ಲಿ ಇಲ್ಲದವರು "ನಮಗೆ ಸರ್ಟ್-ಇನ್ ಕಂಪೆನಿಯ ಟೈಅಪ್ ಉಂಟು, ಲೆಟರ್ ತೆಗೆಸಿ ಕೊಡ್ತೇವೆ" ಅಂದ್ರೆ ಅಲ್ಲಿಗೇ ನಮಸ್ಕಾರ ಹೇಳಿ.

ಯಾರೂ ಸರ್ಟಿಫಿಕೇಟ್ ಕೇಳಿಲ್ಲ, ನಿಮ್ಮ ಸಮಾಧಾನಕ್ಕೆ ಮಾಡಿಸುದು ಅಂತಾದ್ರೆ ಪಟ್ಟಿಯವರೇ ಆಗ್ಬೇಕು ಅಂತ ಇಲ್ಲ, ಒಳ್ಳೆ ಫ್ರೀಲಾನ್ಸರ್ ಸಾಕು, ಕೆಲವೊಮ್ಮೆ ಅವರೇ ಉತ್ತಮ.

5. ಹುಡುಕುದು ಎಲ್ಲಿ, ಯಾರನ್ನು ಹತ್ತಿರ ಸೇರಿಸ್ಬಾರ್ದು

ಸುರತ್ಕಲ್ ಎನ್ಐಟಿಕೆ, ಮಣಿಪಾಲದ ಎಂಐಟಿ, ಸುತ್ತಮುತ್ತ ಇರುವ ಇಂಜಿನಿಯರಿಂಗ್ ಕಾಲೇಜುಗಳು, ಇಲ್ಲಿಂದ ಹೊರಗೆ ಹೋಗಿ ಸೆಕ್ಯೂರಿಟಿ ಕೆಲಸದಲ್ಲಿ ಇರುವವರು ಇದ್ದಾರೆ, ಮನೆಯಿಂದ ಕೆಲಸ ಅಂತ ಊರಿಗೆ ವಾಪಸ್ ಬಂದವರೂ ಇದ್ದಾರೆ. ನಿಮ್ಮ ಪರಿಚಯದ ಸಾಫ್ಟ್‌ವೇರ್ ಕಂಪೆನಿಯವರ ಹತ್ತಿರ "ನಿಮ್ಮ ಪ್ರಾಡಕ್ಟ್ ಯಾರ ಹತ್ತಿರ ಟೆಸ್ಟ್ ಮಾಡಿಸ್ತೀರಿ" ಅಂತ ಕೇಳಿ, ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ವೆಬ್ ಆ್ಯಪ್ ಟೆಸ್ಟ್‌ಗೆ ಜನ ಇಲ್ಲಿಗೆ ಬರ್ಬೇಕು ಅಂತಲೂ ಇಲ್ಲ, ಬೆಂಗಳೂರಲ್ಲೇ ಕೂತು ಮಾಡ್ತಾರೆ. ಆಫೀಸಿನ ಒಳಗಿನ ನೆಟ್‌ವರ್ಕ್, ವೈಫೈ ಟೆಸ್ಟ್ ಆದ್ರೆ ಮಾತ್ರ ಬಂದು ಕೂರ್ಬೇಕಾಗ್ತದೆ.

ಕೆಲವರಿಂದ ದೂರ ಇರಿ. ಟೆಲಿಗ್ರಾಮಲ್ಲಿ "ಎಥಿಕಲ್ ಹ್ಯಾಕರ್" ಅಂತ ಹಾಕಿಕೊಂಡು ಇನ್‌ಸ್ಟಾಗ್ರಾಮ್ ಅಕೌಂಟ್ ತೆಗೆದುಕೊಡ್ತೇವೆ, ಗಂಡನ ವಾಟ್ಸಾಪ್ ತೋರಿಸ್ತೇವೆ ಅನ್ನುವವರು ಒಂದು. ಅದು ಕ್ರೈಮ್, ದುಡ್ಡು ಕೊಟ್ಟ ನೀವೂ ಸಿಕ್ಕಿಬೀಳ್ತೀರಿ. ಎರಡನೆಯದ್ದು ಫೈರ್‌ವಾಲ್ ಮಾರುವವರೇ "ಟೆಸ್ಟ್ ಫ್ರೀಯಾಗಿ ಮಾಡಿಕೊಡ್ತೇವೆ" ಅಂತ ಬರುದು, ರಿಪೋರ್ಟಿನ ಕೊನೆಯ ಪುಟದಲ್ಲಿ ಅವರದ್ದೇ ಬಾಕ್ಸ್ ತಕೊಳ್ಳಿ ಅಂತ ಇರ್ತದೆ, ಹೇಳ್ಬೇಕಂತಿಲ್ಲ. ಸಾಫ್ಟ್‌ವೇರ್ ಮಾಡಿದವರ ಕೈಯಿಂದಲೇ ಅದನ್ನು ಟೆಸ್ಟ್ ಮಾಡಿಸುದೂ ಬೇಡ.

ಮತ್ತೆ ಒಂದು ಇಮೇಲ್ ಬರ್ತದೆ, "ನಿಮ್ಮ ಸೈಟಿನಲ್ಲಿ ಗಂಭೀರ ದೋಷ ಸಿಕ್ಕಿದೆ, ಬಹುಮಾನ ಕೊಟ್ರೆ ವಿವರ ಹೇಳ್ತೇನೆ" ಅಂತ. ಇಂಥದ್ದರಲ್ಲಿ ಹೆಚ್ಚಿನವು ಎಲ್ಲರಿಗೂ ಒಟ್ಟಿಗೆ ಕಳಿಸಿದ್ದು, ವಿಷಯ ನೋಡಿದ್ರೆ ಡಿಮಾರ್ಕ್ ಇಲ್ಲ ಅಂತ ಇರ್ತದೆ, ಅಂದ್ರೆ ನಿಮ್ಮ ಹೆಸರಲ್ಲಿ ಬೇರೆಯವರು ಇಮೇಲ್ ಕಳಿಸದ ಹಾಗೆ ಡೊಮೇನಿಗೆ ಹಾಕುವ ಒಂದು ಸೆಟ್ಟಿಂಗ್. ಅದು ಹಾಕಿಸ್ಬೇಕಾದದ್ದೇ, ಆದ್ರೆ ಅದಕ್ಕೆ ಅವರಿಗೆ ಹಣ ಕಳಿಸ್ಬೇಕಾಗಿಲ್ಲ. ವಿವರ ಕೇಳಿ, ಹಣದ ಮಾತು ಬೇಡ, ಇನ್ನೂ ನೋಡಿ ಅಂತ ಪರ್ಮಿಶನ್ ಅಂತೂ ಕೊಡ್ಲೇಬೇಡಿ.

6. ಜನವನ್ನು ಅಳೆಯುದು

ಟೂಲ್‌ಗಳ ಹೆಸರು ಕೇಳಿ ಮರುಳಾಗ್ಬೇಡಿ. ಕಾಲಿ ಲಿನಕ್ಸ್, ಎನ್‌ಮ್ಯಾಪ್, ಮೆಟಾಸ್ಪ್ಲಾಯ್ಟ್ ಫ್ರೇಮ್‌ವರ್ಕ್, ಎಸ್‌ಕ್ಯೂಎಲ್‌ಮ್ಯಾಪ್, ಝ್ಯಾಪ್ ಎಲ್ಲ ಫ್ರೀ, ಕಾಲೇಜಿನ ಮಕ್ಕಳೂ ಇಳಿಸ್ಕೊಳ್ತಾರೆ. ಬರ್ಪ್ ಸ್ವೀಟ್ ಅಂತ ಒಂದು ಉಂಟು, ಬ್ರೌಸರಿಗೂ ಸರ್ವರಿಗೂ ನಡುವೆ ಕೂತು ಹೋಗುವ ಬರುವ ಮಾಹಿತಿಯನ್ನು ಹಿಡಿದು ಬದಲಾಯಿಸ್ಲಿಕ್ಕೆ ಬಿಡುವ ಸಾಧನ, ಅದರ ಪ್ರೊಫೆಷನಲ್ ಆವೃತ್ತಿಗೆ ವರ್ಷ ವರ್ಷ ಲೈಸೆನ್ಸ್ ಬೇಕು. ವೆಬ್ ಟೆಸ್ಟರ್ ಅಂತ ಹೇಳ್ಕೊಂಡು ಬರ್ಪ್ ಕ್ರ್ಯಾಕ್ ಮಾಡಿದ್ದು ಉಪಯೋಗಿಸುವವನ ಲ್ಯಾಪ್‌ಟಾಪಿನಲ್ಲಿ ಮತ್ತೆಂತೆಲ್ಲ ಉಂಟೋ, ನಿಮ್ಮ ಗ್ರಾಹಕರ ಡೇಟಾ ಅದೇ ಲ್ಯಾಪ್‌ಟಾಪಿಗೆ ಹೋಗುದು. ಲೈಸೆನ್ಸ್ ಯಾರ ಹೆಸರಲ್ಲಿ ಉಂಟು ಅಂತ ಕೇಳಿ, ಕೇಳ್ಲಿಕ್ಕೆ ನಾಚಿಕೆ ಬೇಡ.

ಸರ್ಟಿಫಿಕೇಟ್ ವಿಷಯ. ಸಿಇಎಚ್ ಅನ್ನುದು ಎಲ್ಲರ ಹತ್ತಿರ ಇರ್ತದೆ, ಅದರ ಮುಖ್ಯ ಪರೀಕ್ಷೆ 4 ಗಂಟೆ, 125 ಆಬ್ಜೆಕ್ಟಿವ್ ಪ್ರಶ್ನೆ, ಪ್ರಾಕ್ಟಿಕಲ್ ಬೇರೆಯೇ ಬರೀಬೇಕು. ಓಎಸ್‌ಸಿಪಿ ಅನ್ನುದು ಪೂರ್ತಿ ಕೈಯಲ್ಲಿ ಮಾಡಿ ತೋರಿಸುವ ಪರೀಕ್ಷೆ, 23 ಗಂಟೆ 45 ನಿಮಿಷದಲ್ಲಿ ಕೊಟ್ಟ ಮೆಷಿನ್‌ಗಳ ಒಳಗೆ ಹೊಕ್ಕು, ಮತ್ತಿನ 24 ಗಂಟೆಯಲ್ಲಿ ರಿಪೋರ್ಟ್ ಬರೆದು ಕೊಡ್ಬೇಕು. ಎರಡರಲ್ಲಿ ನಾನು ಎರಡನೆಯದ್ದಕ್ಕೆ ಹೆಚ್ಚು ಬೆಲೆ ಕೊಡುದು, ವೆಬ್ ಕೆಲಸಕ್ಕೆ ಬರ್ಪ್‌ನವರದ್ದೇ ಪ್ರಾಕ್ಟಿಕಲ್ ಪರೀಕ್ಷೆ ಪಾಸಾದವರೂ ಲಾಯ್ಕ. ಆದ್ರೂ ಲೈಸೆನ್ಸ್ ಇದ್ದವರಿಗೆಲ್ಲ ಆಗುಂಬೆ ಘಾಟಿಯಲ್ಲಿ ಬಸ್ ತಿರುಗಿಸ್ಲಿಕ್ಕೆ ಆಗುದಿಲ್ಲ. ಸರ್ಟಿಫಿಕೇಟಿನ ಫೋಟೋ ನಂಬ್ಬೇಡಿ, ಆನ್‌ಲೈನ್ ವೆರಿಫಿಕೇಶನ್ ಲಿಂಕ್ ಕೇಳಿ.

ಎಲ್ಲದಕ್ಕಿಂತ ಮುಖ್ಯ ಹಳೆಯ ರಿಪೋರ್ಟಿನ ಒಂದು ಸ್ಯಾಂಪಲ್. ಗ್ರಾಹಕರ ಹೆಸರು ಅಳಿಸಿದ್ದೇ ಕೇಳಿ. ಹೆಸರು ಅಳಿಸದೆ ಹಾಗೇ ಕಳಿಸಿದ್ರೆ ನಾಳೆ ನಿಮ್ಮದನ್ನೂ ಹಾಗೇ ಇನ್ನೊಬ್ಬರಿಗೆ ಕಳಿಸ್ತಾನೆ, ಅವನನ್ನು ಅಲ್ಲಿಗೇ ಬಿಡಿ. ಸ್ಯಾಂಪಲ್‌ನಲ್ಲಿ ಒಂದು ದೋಷ ತೆಗೆದು ನೋಡಿ: ಯಾವ ಪೇಜ್, ಎಂತ ಕಳಿಸಿದ್ದು, ಸರ್ವರ್ ಎಂತ ಉತ್ತರ ಕೊಟ್ಟಿತು, ಸ್ಕ್ರೀನ್‌ಶಾಟ್, ಇದರಿಂದ ನಿಮ್ಮ ವ್ಯವಹಾರಕ್ಕೆ ಎಂತ ನಷ್ಟ, ಸರಿ ಮಾಡುದು ಹೇಗೆ. ಇಷ್ಟು ಇದ್ರೆ ಮನುಷ್ಯ ಕೂತು ಮಾಡಿದ್ದು. ಇನ್ನೂರು ಪುಟ ಇದ್ದು ಎಲ್ಲವೂ ಒಂದೇ ಅಚ್ಚಿನಲ್ಲಿ ಇದ್ರೆ ಅದು ಸ್ಕ್ಯಾನರಿನ ಪ್ರಿಂಟ್‌ಔಟ್, ಮುಖಪುಟ ಮಾತ್ರ ಅವರದ್ದು.

ಮಾತಾಡುವಾಗ ಎರಡೇ ಪ್ರಶ್ನೆ ಸಾಕು. "ನಮ್ಮ ಸಾಫ್ಟ್‌ವೇರಿನಲ್ಲಿ ನೀವು ಮೊದಲು ಎಲ್ಲಿ ನೋಡ್ತೀರಿ, ಯಾಕೆ?" ನಿಮ್ಮ ವ್ಯವಹಾರದ ಬಗ್ಗೆ ಅವ ವಾಪಸ್ ಪ್ರಶ್ನೆ ಕೇಳ್ಬೇಕು, ಯಾರು ಯಾರು ಲಾಗಿನ್ ಆಗ್ತಾರೆ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಗ್ತದೆ ಅಂತ. ಕೇಳದೆ ಟೂಲ್‌ಗಳ ಹೆಸರು ಶುರು ಮಾಡಿದ್ರೆ ಗೊತ್ತಾಯ್ತಲ್ಲ. ಮತ್ತೊಂದು, "ಟೆಸ್ಟ್ ಮಾಡುವಾಗ ನಮ್ಮ ಸರ್ವರ್ ಬಿದ್ರೆ ಎಂತ ಮಾಡ್ತೀರಿ?" "ಬೀಳುದೇ ಇಲ್ಲ" ಅನ್ನುವವ ಅನುಭವ ಇಲ್ಲದವ. ಮತ್ತೆ ದೊಡ್ಡ ಕಂಪೆನಿಯಾದ್ರೆ ಮೀಟಿಂಗಿಗೆ ಬಂದವರೇ ಟೆಸ್ಟ್ ಮಾಡುದಾ ಅಂತ ಕೇಳಿ, ಬರುವವರು ಸೀನಿಯರ್, ಕೆಲಸಕ್ಕೆ ಕೂರುವವ ಮೊನ್ನೆ ಸೇರಿದ ಟ್ರೈನಿ, ಹೀಗೆ ತುಂಬ ಆಗ್ತದೆ. ಟೆಸ್ಟರ್ ಹೆಸರು ಕಾಗದದಲ್ಲಿ ಬರಲಿ.

7. ಕೊಟೇಶನ್

ಮ್ಯಾನ್-ಡೇ ಲೆಕ್ಕದಲ್ಲಿ ಕೇಳಿ, ಅಂದ್ರೆ ಒಬ್ಬ ಜನ ಎಷ್ಟು ದಿನ ಕೂರ್ತಾನೆ, ದಿನಕ್ಕೆ ಎಷ್ಟು. ಮೂರ್ನಾಕು ತರದ ಲಾಗಿನ್ ಇರುವ ಮಧ್ಯಮ ಗಾತ್ರದ ವೆಬ್ ಆ್ಯಪ್ ಅಂದ್ರೆ ರಿಪೋರ್ಟ್ ಬರೆಯುದು ಸೇರಿ ಸಾಧಾರಣ ಒಂದು ವಾರದ ಕೆಲಸ. ಒಂದೇ ದಿನದಲ್ಲಿ ಮುಗಿಸಿ ಸರ್ಟಿಫಿಕೇಟ್ ಕೊಡ್ತೇನೆ ಅಂದ್ರೆ ಸ್ಕ್ಯಾನರ್ ಓಡಿಸಿ ಚಾ ಕುಡಿಲಿಕ್ಕೆ ಹೋಗುವವ. ಕಮ್ಮಿಯಲ್ಲಿ ಮೂರು ಕೊಟೇಶನ್ ತಕೊಂಡು ಒಂದೇ ಸ್ಕೋಪಿಗೆ ಹೋಲಿಸಿ, ಸ್ಕೋಪ್ ಅಂದ್ರೆ ಎಂತೆಲ್ಲ ಟೆಸ್ಟ್ ಮಾಡ್ಬೇಕು ಅನ್ನುವ ಪಟ್ಟಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿದೆಯಾ, ರೀಟೆಸ್ಟ್ ಸೇರಿದೆಯಾ ನೋಡಿ. ರೀಟೆಸ್ಟ್ ಅಂದ್ರೆ ನೀವು ಸರಿ ಮಾಡಿದ ಮೇಲೆ ಅವರು ಮತ್ತೆ ನೋಡಿ ಮುಚ್ಚಿದೆ ಅಂತ ಹೇಳುದು, ಇದನ್ನು ಕೊಟೇಶನಲ್ಲಿ ಬಿಟ್ಟು ಆಮೇಲೆ ಬೇರೆ ಬಿಲ್ ಹಾಕುವವರಿದ್ದಾರೆ. ದುಡ್ಡನ್ನು ಮೂರು ಕಂತು ಮಾಡಿ, ಶುರುವಿಗೆ ಸ್ವಲ್ಪ, ರಿಪೋರ್ಟಿಗೆ ಸ್ವಲ್ಪ, ರೀಟೆಸ್ಟ್ ಆದ ಮೇಲೆ ಉಳಿದದ್ದು. ಸಿಕ್ಕಿದ ದೋಷಕ್ಕೆ ಇಷ್ಟಿಷ್ಟು ಅಂತ ಲೆಕ್ಕ ಮಾಡ್ಬೇಡಿ, ಸಣ್ಣ ಸಣ್ಣದ್ದನ್ನೆಲ್ಲ ದೊಡ್ಡದು ಮಾಡಿ ಬರೀತಾರೆ.

ಇನ್ನೊಂದು, ಬಜೆಟ್ ಪೂರ್ತಿ ಟೆಸ್ಟಿಗೇ ಇಡ್ಬೇಡಿ. ದೋಷ ಸರಿ ಮಾಡುವ ಡೆವಲಪರಿಗೂ ದುಡ್ಡು ಬೇಕು. ಟೆಸ್ಟ್ ಮಾಡಿಸಿ, ದೋಷ ಗೊತ್ತಾಗಿ, ಸರಿ ಮಾಡದೆ ಫೈಲಲ್ಲಿ ಇಟ್ಟುಕೊಳ್ಳುದು ಗೊತ್ತಿಲ್ಲದೆ ಇರುದಕ್ಕಿಂತ ಕೆಟ್ಟದ್ದು, ನಾಳೆ ಡೇಟಾ ಸೋರಿದ್ರೆ "ನಿಮಗೆ ಮೊದಲೇ ಗೊತ್ತಿತ್ತಲ್ಲ" ಅಂತ ಆ ಕಾಗದವೇ ನಿಮ್ಮ ಎದುರು ಬರ್ತದೆ.

8. ಕಾಗದ ಪತ್ರ (ಇದನ್ನು ಹಾರಿಸಿ ಓದ್ಬೇಡಿ)

ಐಟಿ ಕಾಯ್ದೆ 2000ದ ಸೆಕ್ಷನ್ 43ರ ಪ್ರಕಾರ ಮಾಲಕರ ಅಥವಾ ಜವಾಬ್ದಾರಿ ಇರುವವರ ಅನುಮತಿ ಇಲ್ಲದೆ ಕಂಪ್ಯೂಟರ್ ಒಳಗೆ ಹೋಗುದು ತಪ್ಪು, ಅದನ್ನೇ ಅಪ್ರಾಮಾಣಿಕವಾಗಿ ಮಾಡಿದ್ರೆ ಸೆಕ್ಷನ್ 66ರಲ್ಲಿ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಎರಡೂ ಆಗ್ಬಹುದು. ಟೆಸ್ಟರ್ ಮಾಡುದೂ ಹ್ಯಾಕರ್ ಮಾಡುದೂ ನೋಡ್ಲಿಕ್ಕೆ ಒಂದೇ, ನಡುವೆ ಇರುದು ನಿಮ್ಮ ಸಹಿ ಇರುವ ಆ ಒಂದು ಕಾಗದ. "ನಮ್ಮವನೇ ಅಲ್ವಾ, ಫೋನಲ್ಲಿ ಹೇಳಿದ್ರೆ ಸಾಕು" ಅಂತ ಬಿಡ್ಬೇಡಿ, ಒಳ್ಳೆ ಟೆಸ್ಟರ್ ಆದ್ರೆ ಅವನೇ ಕಾಗದ ಇಲ್ಲದೆ ಕೈ ಹಾಕುದಿಲ್ಲ.

ಅನುಮತಿ ಪತ್ರ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲಿ ಇರ್ಲಿ, ಸಹಿ ಪಾರ್ಟ್‌ನರ್, ಡೈರೆಕ್ಟರ್, ಪ್ರಿನ್ಸಿಪಾಲ್ ಹೀಗೆ ಅಧಿಕಾರ ಇರುವವರದ್ದು, ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನದ್ದಲ್ಲ. ಅದರಲ್ಲಿ ಡೊಮೇನ್ ಮತ್ತು ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಆ ಸಿಸ್ಟಮಿನ ನಂಬರ್) ಒಂದೊಂದಾಗಿ, ಯಾವ ದಿನದಿಂದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಟೆಸ್ಟ್ ಮಾಡುದು, ಅವರ ಕಡೆಯಿಂದ ಯಾವ ಐಪಿಯಿಂದ ಬರ್ತಾರೆ, ಎಲ್ಲ ಬರ್ಬೇಕು. ಮಾಡ್ಬಾರದ್ದನ್ನೂ ಬರೀರಿ: ಸರ್ವರನ್ನು ಬೀಳಿಸುವ ಡಿನಯಲ್ ಆಫ್ ಸರ್ವೀಸ್ ಬೇಡ, ಸ್ಟಾಫಿಗೆ ಮೋಸದ ಇಮೇಲ್ ಕಳಿಸಿ ನೋಡುದು ಬೇಡ ಅಥವಾ ಬೇಕು, ದೋಷ ಸಾಬೀತು ಮಾಡ್ಲಿಕ್ಕೆ ಎರಡು ಮೂರು ದಾಖಲೆ ಸಾಕು, ಇಡೀ ಡೇಟಾಬೇಸ್ ಇಳಿಸ್ಬಾರ್ದು. ಇದನ್ನು ರೂಲ್ಸ್ ಆಫ್ ಎಂಗೇಜ್‌ಮೆಂಟ್ ಅಂತಾರೆ. ಎನ್‌ಡಿಎ, ಅಂದ್ರೆ ಗುಟ್ಟು ಬಿಡುದಿಲ್ಲ ಅನ್ನುವ ಒಪ್ಪಂದ, ಬೇರೆ ಮಾಡಿಸಿ, ನಿಮ್ಮ ಡೇಟಾ ಎಷ್ಟು ದಿನ ಇಟ್ಟುಕೊಳ್ತಾರೆ, ಯಾವಾಗ ಅಳಿಸ್ತಾರೆ ಅಂತ ಅದರಲ್ಲಿ ಇರ್ಲಿ.

ಈಗ ಮೂರನೆಯವರ ಅನುಮತಿ. ಸೊಸೈಟಿಯ ಸಾಫ್ಟ್‌ವೇರ್ ವೆಂಡರಿನ ಸರ್ವರಲ್ಲಿ ಓಡ್ತದೆ, ಅದೇ ಸರ್ವರಲ್ಲಿ ಇನ್ನೂ ಹತ್ತಾರು ಸೊಸೈಟಿಯವರದ್ದು ಇರ್ತದೆ. ನೀವು ಒಬ್ಬರೇ ಸಹಿ ಹಾಕಿ ಟೆಸ್ಟ್ ಮಾಡಿ ಅಂದ್ರೆ ಬೇರೆಯವರ ಡೇಟಾಕ್ಕೆ ಕೈ ಹಾಕಿದ ಹಾಗೆ, ವೆಂಡರಿನ ಲಿಖಿತ ಒಪ್ಪಿಗೆ ಬೇಕೇ ಬೇಕು, ಅವರು ಒಪ್ಪದಿದ್ರೆ ಅವರೇ ಮಾಡಿಸಿದ ಇತ್ತೀಚಿನ ರಿಪೋರ್ಟಿನ ಸಾರಾಂಶ ಕೇಳಿ. ಕಮ್ಮಿ ದರದ ಶೇರ್ಡ್ ಹೋಸ್ಟಿಂಗ್ ಆದ್ರೂ ಇದೇ ಸಮಸ್ಯೆ. ಅಮೆಜಾನ್ ಎಡಬ್ಲ್ಯೂಎಸ್‌ನವರು ತಮ್ಮ ಪಟ್ಟಿಯಲ್ಲಿರುವ ಸೇವೆಗಳಲ್ಲಿ ನಿಮ್ಮದೇ ಭಾಗವನ್ನು ಮೊದಲೇ ಕೇಳದೆ ಟೆಸ್ಟ್ ಮಾಡ್ಲಿಕ್ಕೆ ಬಿಡ್ತಾರೆ, ಆದ್ರೆ ಡಿನಯಲ್ ಆಫ್ ಸರ್ವೀಸ್‌ಗೆ ಬಿಡುದಿಲ್ಲ. ಪೇಮೆಂಟ್ ಗೇಟ್‌ವೇ ಸ್ಕೋಪಿನ ಹೊರಗೆ ಇಡಿ, ನಿಮ್ಮ ಕಡೆಯ ಜೋಡಣೆಯನ್ನು ಅವರ ಟೆಸ್ಟ್ ಮೋಡಿನಲ್ಲಿ ನೋಡಿದ್ರೆ ಆಯ್ತು.

9. ಟೆಸ್ಟ್ ದಿನಗಳು

ತಾರೀಕು ನೋಡಿ ಇಡಿ. ಕಾಲೇಜಿನವರು ಅಡ್ಮಿಶನ್ ಸಮಯದಲ್ಲಿ, ಉಡುಪಿಯ ಲಾಡ್ಜಿನವರು ಪರ್ಯಾಯದ ಜನವರಿಯಲ್ಲಿ, ಸೊಸೈಟಿಯವರು ಮಾರ್ಚ್ ಕೊನೆಗೆ ಇಟ್ಟುಕೊಂಡ್ರೆ ಮಂಡೆ ಬಿಸಿ ತಪ್ಪಿದ್ದಲ್ಲ. ಮೀನಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಬೋಟಿಗೆ ರಜೆ, ಅದೇ ಒಳ್ಳೆ ಸಮಯ, ಆಫೀಸಿನ ಒಳಗಿನ ಟೆಸ್ಟ್ ಆದ್ರೆ ಮಳೆಗಾಲದ ಕರೆಂಟ್ ಮಾತ್ರ ನೋಡಿಕೊಳ್ಳಿ, ಯುಪಿಎಸ್ ಸರಿ ಇಲ್ಲದೆ ಸರ್ವರ್ ಆಫ್ ಆದ್ರೂ ಬೈಗುಳ ಟೆಸ್ಟರಿಗೇ ಹೋಗ್ತದೆ.

ಆದಷ್ಟು ಅಸಲಿ ಸಿಸ್ಟಮಿನ ನಕಲು ಮಾಡಿ ಅದರಲ್ಲಿ ಟೆಸ್ಟ್ ಮಾಡಿಸಿ, ಸ್ಟೇಜಿಂಗ್ ಅಂತಾರೆ. ಅಸಲಿಯಲ್ಲೇ ಮಾಡ್ಬೇಕಾದ್ರೆ ಹಿಂದಿನ ರಾತ್ರಿ ಬ್ಯಾಕಪ್, ಮತ್ತೆ ಓಟಿಪಿ ಹೋಗುವ ಫಾರಂ ಎಲ್ಲೆಲ್ಲ ಉಂಟು ಅಂತ ಮೊದಲೇ ಹೇಳಿ. ಸ್ಕ್ಯಾನರ್ ಒಂದು ಫಾರಂ ಸಿಕ್ಕಿದ್ರೆ ಸಾವಿರ ಸಲ ತುಂಬಿಸ್ತದೆ, ಒಂದೊಂದಕ್ಕೂ ಎಸ್ಎಂಎಸ್ ಹೋಗಿ ಪ್ಯಾಕ್ ಖಾಲಿ. ಅದಕ್ಕಿಂತ ಕೆಟ್ಟದ್ದು ಅಡ್ಮಿನ್ ಲಾಗಿನ್ ಕೊಟ್ಟು ಸ್ಕ್ಯಾನರ್ ಬಿಟ್ರೆ, ಅದು ಸಿಕ್ಕಿದ ಲಿಂಕನ್ನೆಲ್ಲ ಒತ್ತುತ್ತಾ ಹೋಗ್ತದೆ, ಅದರಲ್ಲಿ "ಡಿಲೀಟ್" ಅನ್ನುವ ಲಿಂಕೂ ಇರ್ತದೆ. ಅಡ್ಮಿನ್ ಭಾಗ ಕೈಯಲ್ಲೇ ಮಾಡ್ಬೇಕು ಅಂತ ಕಾಗದದಲ್ಲಿ ಹಾಕಿ.

ಎರಡೂ ಕಡೆ ಒಬ್ಬೊಬ್ಬರ ಫೋನ್ ನಂಬರ್ ಇಟ್ಟುಕೊಳ್ಳಿ, ರಾತ್ರಿ ಎತ್ತುವವರದ್ದು. ದೊಡ್ಡ ದೋಷ ಸಿಕ್ಕಿದ್ರೆ ರಿಪೋರ್ಟಿಗೆ ಕಾಯದೆ ಆ ದಿನವೇ ಹೇಳ್ಬೇಕು. ಟೆಸ್ಟ್ ಮಾಡುವಾಗ ಮೊದಲೇ ಯಾರೋ ಒಳಗೆ ಬಂದು ಹೋದ ಗುರುತು ಸಿಕ್ಕಿದ್ರೆ ಟೆಸ್ಟ್ ನಿಲ್ಲಿಸಿ, ಎಂತದೂ ಅಳಿಸ್ಬೇಡಿ. ಸರ್ಟ್-ಇನ್‌ನ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ಅವರಿಗೆ ತಿಳಿಸ್ಬೇಕು, 180 ದಿನದ ಲಾಗ್ ಕೂಡ ಇಟ್ಟುಕೊಂಡಿರ್ಬೇಕು, ಲಾಗ್ ಅಂದ್ರೆ ಯಾರು ಯಾವಾಗ ಬಂದು ಹೋದ್ರು ಅನ್ನುವ ಸಿಸ್ಟಮಿನ ದಾಖಲೆ. ಹಣ ಹೋಗಿದ್ರೆ 1930ಕ್ಕೆ ಕೂಡಲೇ ಫೋನ್ ಮಾಡಿ, ದೂರು ಕೊಡ್ಲಿಕ್ಕೆ ಮಂಗಳೂರಲ್ಲೂ ಉಡುಪಿಯಲ್ಲೂ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಉಂಟು.

10. ರಿಪೋರ್ಟ್ ಬಂದ ಮೇಲೆ

ಪ್ರತಿ ದೋಷಕ್ಕೆ ಸಿವಿಎಸ್ಎಸ್ ಅಂತ 0ಯಿಂದ 10ರವರೆಗೆ ಅಂಕ ಇರ್ತದೆ, 9ರಿಂದ 10 ಕ್ರಿಟಿಕಲ್, 7ರಿಂದ 8.9 ಹೈ, 4ರಿಂದ 6.9 ಮೀಡಿಯಂ, ಅದರ ಕೆಳಗೆ ಲೋ. ಅಂಕ ನೋಡಿಯೇ ಸಾಲು ಹಿಡಿಯುದು ಬೇಡ. ಪೇಶೆಂಟ್ ರಿಪೋರ್ಟ್ ಸೋರುವ ಒಂದು ದೋಷಕ್ಕೆ 6.5 ಅಂತ ಮೀಡಿಯಂ ಬಂದಿರ್ಬಹುದು, ಲ್ಯಾಬಿಗೆ ಅದಕ್ಕಿಂತ ದೊಡ್ಡದು ಬೇರೆ ಉಂಟಾ? ಟೆಸ್ಟರ್, ನಿಮ್ಮ ಡೆವಲಪರ್ ಇಬ್ಬರನ್ನೂ ಒಂದು ಕಾಲ್‌ನಲ್ಲಿ ಕೂರಿಸಿ ಒಂದೊಂದಾಗಿ ಓದಿ. ಡೆವಲಪರ್ "ಇದು ಫಾಲ್ಸ್ ಪಾಸಿಟಿವ್", ಅಂದ್ರೆ ಇಲ್ಲದ ದೋಷವನ್ನು ಉಂಟು ಅಂತ ತೋರಿಸಿದ್ದು, ಅಂತ ವಾದ ಮಾಡ್ತಾನೆ, ಕೆಲವು ನಿಜವಾಗಿಯೂ ಹಾಗೆ ಇರ್ತದೆ. ಆಗ ಟೆಸ್ಟರ್‌ಗೆ ಎದುರೇ ಮಾಡಿ ತೋರಿಸ್ಲಿಕ್ಕೆ ಹೇಳಿ, ಜಗಳ ಅಲ್ಲಿಗೇ ಮುಗೀತದೆ. ಪ್ರತಿಯೊಂದಕ್ಕೂ ಹೆಸರು, ತಾರೀಕು ಹಾಕಿ ಇಡಿ.

ರಿಪೋರ್ಟನ್ನು ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ ದಯಮಾಡಿ. ಅದು ನಿಮ್ಮ ಮನೆಗೆ ಹೊಕ್ಕುವ ದಾರಿಯ ನಕ್ಷೆ. ಪಾಸ್‌ವರ್ಡ್ ಹಾಕಿದ ಫೈಲ್, ಪಾಸ್‌ವರ್ಡ್ ಬೇರೆ ದಾರಿಯಲ್ಲಿ, ನೋಡ್ಬೇಕಾದ ಮೂರ್ನಾಕು ಜನಕ್ಕೆ ಮಾತ್ರ. ಹೊರಗಿನವರು ಕೇಳಿದ್ರೆ ದೋಷಗಳ ವಿವರ ಇಲ್ಲದ ಒಂದು ಪುಟದ ಸಾರಾಂಶ ಟೆಸ್ಟರ್ ಕೈಯಿಂದ ಬೇರೆ ಬರೆಸಿಕೊಳ್ಳಿ.

ಸರಿ ಮಾಡಿದ ಮೇಲೆ ರೀಟೆಸ್ಟ್, ಅದರ ಕಾಗದ, ಕೊನೆಯ ಕಂತು. ಅದೇ ದಿನ ಟೆಸ್ಟರ್‌ಗೆ ಮಾಡಿಕೊಟ್ಟ ಲಾಗಿನ್ ಎಲ್ಲ ತೆಗೀರಿ, ಫೈರ್‌ವಾಲಿನಲ್ಲಿ ಅವರ ಐಪಿಗೆ ಬಿಟ್ಟ ದಾರಿ ಮುಚ್ಚಿ, ಸರ್ವರಿನಲ್ಲಿ ಅವರು ಹಾಕಿದ ಟೆಸ್ಟ್ ಫೈಲ್‌ಗಳ ಪಟ್ಟಿ ತಕೊಂಡು ಒಂದೊಂದಾಗಿ ಅಳಿಸಿದ್ದನ್ನು ನೋಡಿ, ಡೇಟಾ ಅಳಿಸಿದ್ದೇವೆ ಅನ್ನುವ ಇಮೇಲ್ ಬರೆಸಿಕೊಳ್ಳಿ. ಮುಂದಿನ ಟೆಸ್ಟ್ ವರ್ಷಕ್ಕೊಮ್ಮೆ ಸಾಕು, ನಡುವೆ ಸಾಫ್ಟ್‌ವೇರ್ ಬದಲಾದ್ರೆ ಅಥವಾ ಹೊಸ ಆ್ಯಪ್ ಬಿಟ್ರೆ ಆಗ ಆ ಭಾಗಕ್ಕೆ ಮಾತ್ರ ಮಾಡಿಸಿ.